ಗಟ್ಟಿ ಆಯಿಲ್ ಹಾಕಿದರೆ ಇಂಜಿನ್ ಗಟ್ಟಿಯಾದೀತೆ?

ಲಾರಿ ಕಟ್ಟೆ: ಓದುಗರ ಪ್ರಶ್ನೆ, ಚಿತ್ರದುರ್ಗದ ಮೇಸ್ತ್ರಿ ಉತ್ತರ

ಬೇಸಿಗೆ ಕಾಲಿಟ್ಟರೆ ಸಾಕು, ಈ ಅಂಕಣಕ್ಕೆ ಬರುವ ಕಾಗದಗಳೆಲ್ಲ ಆಯಿಲ್ ವಾಸನೆ ಹೊಡೆಯುತ್ತವೆ. ಹೆಚ್ಚುಕಮ್ಮಿ ಎಲ್ಲರೂ ಕೇಳಿರುವುದು ಒಂದೇ: ಇನ್ನೂ ಸ್ವಲ್ಪ ಗಟ್ಟಿ ಆಯಿಲ್ ಹಾಕಲೇ? ಗಾಡಿ ಯಾವುದು, ಯಾವ ವರ್ಷದ್ದು, ಎಷ್ಟು ಓಡಿದೆ ಎಂದು ಹೇಳದೆ ಬರೀ ‘ನಮ್ಮ ಲಾರಿಗೆ’ ಎಂದು ಬರೆದವರಿಗೆ ಉತ್ತರ ಕೊಟ್ಟಿಲ್ಲ. ಬೇಜಾರು ಮಾಡಿಕೊಳ್ಳದೆ ಇನ್ನೊಂದು ಕಾಗದ ಹಾಕಿ.

ಪ್ರಶ್ನೆ: ನನ್ನದು 2012ರ ಹತ್ತು ಚಕ್ರದ ಟಾಟಾ 2518, ಕಮಿನ್ಸ್ 6ಬಿಟಿ ಇಂಜಿನ್. ಆರು ಲಕ್ಷ ಕಿಲೋಮೀಟರ್ ದಾಟಿದೆ, ಇಂಜಿನ್ ಒಂದು ಸಲವೂ ಬಿಚ್ಚಿಲ್ಲ. ಇತ್ತೀಚೆಗೆ ಗಾಡಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ನಿಂತರೆ ಆಯಿಲ್ ಪ್ರೆಶರ್ ಮುಳ್ಳು ಕೆಳಗೆ ಬಿದ್ದುಬಿಡುತ್ತದೆ. ಆಯಿಲ್ ಕೂಡ ಕುಡಿಯುತ್ತಿದೆ, ಪ್ರತಿ ಟ್ರಿಪ್‌ಗೂ ಟಾಪ್‌ಅಪ್. ಇಲ್ಲಿಯವರೆಗೆ 15ಡಬ್ಲ್ಯೂ-40 ಹಾಕುತ್ತಿದ್ದೆ. ‘ಹಳೇ ಇಂಜಿನ್ನು, 20ಡಬ್ಲ್ಯೂ-50 ಹಾಕು, ಎಲ್ಲ ಸರಿಹೋಗುತ್ತೆ’ ಅನ್ನುತ್ತಾರೆ ನಮ್ಮ ಕಡೆಯ ಮೇಸ್ತ್ರಿ. ಹಾಕಬಹುದೇ?
– ಲಾರಿ ಮಾಲೀಕರು, ಹಿರಿಯೂರು

ಉತ್ತರ: ಯಜಮಾನರೇ, ಮೊದಲು ಡಬ್ಬದ ಮೇಲಿನ ಅಂಕಿಯ ಲೆಕ್ಕ ಹೇಳಿಬಿಡುತ್ತೇನೆ, ಉಳಿದವರಿಗೂ ಬೇಕಾಗುತ್ತದೆ. 15ಡಬ್ಲ್ಯೂ-40 ಎಂದರೆ ಒಂದೇ ಡಬ್ಬದ ಮೇಲೆ ಎರಡು ಅಳತೆ. ಡಬ್ಲ್ಯೂ ಅಂಟಿಕೊಂಡಿರುವ 15 ಚಳಿಯ ಅಳತೆ: ಮೈನಸ್ 20 ಡಿಗ್ರಿಯಲ್ಲಿ ಸ್ಟಾರ್ಟರ್ ತಿರುಗಿಸುವಾಗ ಆಯಿಲ್ ಎಷ್ಟರ ಮಟ್ಟಿಗೆ ಅಡ್ಡ ಬರಬಹುದು ಎಂಬುದಕ್ಕೆ ಹಾಕಿದ ಮಿತಿ. 20ಡಬ್ಲ್ಯೂ ಆದರೆ ಅದನ್ನು ಮೈನಸ್ 15ರಲ್ಲಿ ನೋಡುತ್ತಾರೆ. ಹಿರಿಯೂರಿನಲ್ಲಿ ಕೂತು ಈ ಅಂಕಿಯ ಬಗ್ಗೆ ತಲೆ ಕೆಡಿಸಿಕೊಳ್ಳುವುದು ದಂಡ. ಹಿಂದಿನ 40 ಇದೆಯಲ್ಲ, ಅದು ನೂರು ಡಿಗ್ರಿ ಬಿಸಿಯಲ್ಲಿ ಆಯಿಲ್ ಎಷ್ಟು ಮಂದವಾಗಿರಬೇಕು ಎನ್ನುವುದು. ಸಣ್ಣ ಗಾಜಿನ ನಳಿಗೆಯಲ್ಲಿ ಆಯಿಲ್ ತನ್ನ ಭಾರಕ್ಕೇ ಇಳಿಯಲು ತೆಗೆದುಕೊಳ್ಳುವ ಹೊತ್ತಿನಿಂದ ಇದನ್ನು ಲೆಕ್ಕ ಹಾಕುತ್ತಾರೆ, ಸೆಂಟಿಸ್ಟೋಕ್ ಎಂಬ ಮಾನದಲ್ಲಿ ಹೇಳುತ್ತಾರೆ. ಸಾಮಾನ್ಯ ನೀರು ಹತ್ತಿರ ಹತ್ತಿರ 1. ಗ್ರೇಡ್ 30 ಅಂದರೆ ನೂರು ಡಿಗ್ರಿಯಲ್ಲಿ 9.3ರಿಂದ 12.5ರ ಒಳಗೆ. 40 ಅಂದರೆ 12.5ರಿಂದ 16.3ರ ಒಳಗೆ. 50 ಅಂದರೆ 16.3ರಿಂದ 21.9ರ ಒಳಗೆ.

ಈಗ ಒಂದು ವಿಷಯ ಗಮನಿಸಿ. ನೀವು ಹಾಕುವ 15ಡಬ್ಲ್ಯೂ-40 ಆಯಿಲ್ ನಲವತ್ತು ಡಿಗ್ರಿಯಲ್ಲಿ, ಅಂದರೆ ನಮ್ಮೂರ ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ, ಸುಮಾರು 110 ಸೆಂಟಿಸ್ಟೋಕ್ ಇರುತ್ತದೆ. ಅದೇ ಆಯಿಲ್ ನೂರು ಡಿಗ್ರಿಗೆ ಬಂದಾಗ 14 ಚಿಲ್ಲರೆ. ಅಂಗಡಿಯಲ್ಲಿ ಬೆರಳಿಗೆ ಹಚ್ಚಿ ಉಜ್ಜಿ ‘ಏನ್ ಗಟ್ಟಿ ಐತೆ ಮಾರಾಯ’ ಎಂದು ಖುಷಿಪಡುವವರು ನೋಡುತ್ತಿರುವುದು ಆ 110ರ ಆಯಿಲನ್ನು. ಪಿಸ್ಟನ್ನುಗಳ ಒತ್ತಿಗೆ ತಿರುಗುವ ಕ್ರ್ಯಾಂಕ್ ಶಾಫ್ಟಿಗೆ ಸಿಗುವುದು 14ರದ್ದು. ಬೆರಳಿನ ಪರೀಕ್ಷೆಯಿಂದ ಇಂಜಿನ್‌ಗೆ ಏನೂ ಉಪಯೋಗವಿಲ್ಲ.

ಇನ್ನು ನಿಮ್ಮ ಮುಳ್ಳಿನ ವಿಚಾರ. ಆಯಿಲ್ ಪಂಪ್ ತಳ್ಳುವುದು ಆಯಿಲನ್ನು, ಪ್ರೆಶರನ್ನಲ್ಲ. ತಳ್ಳಿದ ಆಯಿಲ್ ಬೇರಿಂಗ್ ಸಂದಿಯಿಂದ ಹೊರಬರಲು ಎಷ್ಟು ಒದ್ದಾಡುತ್ತದೋ ಅಷ್ಟು ಪ್ರೆಶರ್ ಮೀಟರಿನಲ್ಲಿ ಕಾಣುತ್ತದೆ. ಬೇರಿಂಗ್ ಸವೆದು ಸಂದಿ ಅಗಲವಾದರೆ ಆಯಿಲ್ ಸಲೀಸಾಗಿ ಸೋರುತ್ತದೆ, ಮುಳ್ಳು ಬೀಳುತ್ತದೆ. ಆಗ 50ರ ಆಯಿಲ್ ಹಾಕಿದರೆ ಏನಾಗುತ್ತದೆ? ಸಂದಿ ಹಾಗೇ ಇರುತ್ತದೆ, ಆಯಿಲ್ ಮಾತ್ರ ನಿಧಾನಕ್ಕೆ ಹೊರಬರುತ್ತದೆ, ಮುಳ್ಳು ಮೇಲೇಳುತ್ತದೆ. ನಿಮಗೆ ಸಮಾಧಾನ, ಮೇಸ್ತ್ರಿಗೂ ಸಮಾಧಾನ. ಆದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ಹೊತ್ತಿನಲ್ಲಿ ಆ ಮಂದ ಆಯಿಲ್ ಮೇಲೆ ವಾಲ್ವ್ ಒತ್ತುವ ರಾಕರ್‌ವರೆಗೆ, ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊವರೆಗೆ ತಲುಪಲು ತಡವಾಗುತ್ತದೆ. ಟರ್ಬೊ ಶಾಫ್ಟ್ ತಿರುಗುವುದು ನಿಮಿಷಕ್ಕೆ ಲಕ್ಷ ಸುತ್ತಿನ ಲೆಕ್ಕದಲ್ಲಿ, ಅದು ಕಾಯುವುದಿಲ್ಲ. ಆಯಿಲ್ ತೀರಾ ಮಂದವಿದ್ದರೆ ಫಿಲ್ಟರಿನ ಬೈಪಾಸ್ ವಾಲ್ವ್ ತೆರೆದುಕೊಂಡು, ಸೋಸದ ಆಯಿಲ್ ನೇರ ಬೇರಿಂಗಿಗೆ ಹೋಗುತ್ತದೆ. ಅದೂ ನಿಮಗೆ ಮೀಟರಿನಲ್ಲಿ ಕಾಣುವುದಿಲ್ಲ.

ಹೀಗೆ ‘ಸರಿಹೋದ’ ಇಂಜಿನ್ನುಗಳ ಚೇಂಬರ್ (ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿದಾಗ ಏನು ಕಾಣುತ್ತದೆ ಹೇಳುತ್ತೇನೆ. ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ಕಡೆಯ ಬಿಗ್ ಎಂಡ್ ಬೇರಿಂಗಿನ ಅರ್ಧಚಂದ್ರದ ತುಂಡನ್ನು ಕೈಗೆ ತೆಗೆದುಕೊಂಡು ಬಟ್ಟೆಯಲ್ಲಿ ಒರೆಸಿ ಬೆಳಕಿಗೆ ಹಿಡಿದರೆ, ಚೆನ್ನಾಗಿರುವುದು ಎಲ್ಲ ಕಡೆ ಒಂದೇ ಥರ ಬೂದು ಬಣ್ಣಕ್ಕಿರುತ್ತದೆ. ಅದು ಮೇಲಿನ ಮೆತ್ತನೆಯ ಪದರ, ಕೂದಲಿಗಿಂತ ತೆಳು. ಅದರ ಕೆಳಗೆ ತಾಮ್ರದ ಪದರ, ಅದರ ಕೆಳಗೆ ಉಕ್ಕಿನ ಬೆನ್ನು. ಸವೆದ ಬೇರಿಂಗಿನ ನಡುಭಾಗದಲ್ಲಿ ಬೂದು ಹೋಗಿ ತಾಮ್ರದ ಕೆಂಪು ಇಣುಕುತ್ತಿರುತ್ತದೆ, ಒಂದು ಕಡೆ ಉಗುರಿನಷ್ಟಗಲ, ಇನ್ನೊಂದು ಕಡೆ ಉದ್ದಕ್ಕೆ ಗೀರು. ಉಗುರಿನಿಂದ ಸವರಿದರೆ ಗೀರು ತಡೆಯುತ್ತದೆ. ಆ ಹಂತದಲ್ಲಿ ಹಿಡಿದರೆ ಬೇರಿಂಗ್ ಸೆಟ್ ಬದಲಾಯಿಸಿ, ಕ್ರ್ಯಾಂಕ್ ಪಾಲಿಶ್ ಹೊಡೆಸಿ ಬಚಾವಾಗಬಹುದು. ಗಟ್ಟಿ ಆಯಿಲ್ ಹಾಕಿ ಇನ್ನೊಂದು ವರ್ಷ ದೂಡಿದವರು ಕ್ರ್ಯಾಂಕ್ ಗ್ರೈಂಡಿಂಗ್‌ಗೆ ದುಡ್ಡು ಹೊಂದಿಸುತ್ತಾರೆ. ಬೇರಿಂಗ್ ತಿರುಗಿ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದುಕೊಂಡು ಹೊರಬಂದದ್ದನ್ನೂ ನೋಡಿದ್ದೇನೆ, ಅದು ಬೇರೆಯೇ ಮಾತು.

ಹಾಗಾಗಿ ನೀವು ಈಗ ಮಾಡಬೇಕಾದದ್ದು ಇಷ್ಟು. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಹತ್ತು ವರ್ಷದ ಗಾಡಿಯಲ್ಲಿ ಸೆನ್ಸರ್, ವೈರಿಂಗ್ ಎರಡೂ ಸುಳ್ಳು ಹೇಳುತ್ತವೆ. ಸೆನ್ಸರ್ ಬಿಚ್ಚಿಸಿ, ಅದೇ ತೂತಿಗೆ ಕೈಗೇಜ್ ಹಾಕಿಸಿ, ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ನೋಡಿ. ನಿಮ್ಮ 6ಬಿಟಿಗೆ ಐಡಲ್‌ನಲ್ಲಿ ಕನಿಷ್ಠ 10 ಪಿಎಸ್‌ಐ (ಟೈರ್ ಗಾಳಿ ಅಳೆಯುವ ಅದೇ ಮಾನ), ಪೂರ್ತಿ ಆಕ್ಸಲರೇಟರ್‌ನಲ್ಲಿ ಕನಿಷ್ಠ 30 ಪಿಎಸ್‌ಐ ಇರಬೇಕು. ಐಡಲ್‌ನಲ್ಲಿ 12-13 ಬಂದರೆ ಮುಳ್ಳು ಎಷ್ಟೇ ಕೆಳಗೆ ಕಂಡರೂ ಹೆದರಬೇಡಿ, ಈ ಇಂಜಿನ್ನಿಗೆ ಅದು ಸಾಕು. ಹತ್ತಕ್ಕಿಂತ ಕೆಳಗೆ ಬಂದರೆ ಲೋಡ್ ಹಾಕಬೇಡಿ, ಚೇಂಬರ್ ಇಳಿಸಿ.

ಆಯಿಲ್ ಕುಡಿಯುವುದು ಎಲ್ಲಿ ಎಂದು ಹುಡುಕುವುದು ಇನ್ನೊಂದು ಕೆಲಸ. ಇಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ತುಂಬುವ ಮುಚ್ಚಳ ತೆಗೆದು, ಅದನ್ನೇ ಬೋರಲಾಗಿ ಬಾಯಿಯ ಮೇಲೆ ಸುಮ್ಮನೆ ಇಡಿ. ಸ್ವಲ್ಪ ಅಲುಗಾಡಿದರೆ ಸರಿ. ಹಾರಿಬಿದ್ದರೆ ಪಿಸ್ಟನ್ ರಿಂಗ್, ಲೈನರ್ ಮುಗಿದಿವೆ ಎಂದೇ ಲೆಕ್ಕ. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಹೋಸ್ ಬಿಚ್ಚಿ ಒಳಗೆ ಬೆರಳಾಡಿಸಿ. ತೆಳುವಾಗಿ ಜಿಡ್ಡಿದ್ದರೆ ಪರವಾಗಿಲ್ಲ, ಆಯಿಲ್ ನಿಂತಿದ್ದರೆ ಟರ್ಬೊ ನೋಡಿಸಿ. ಹಾಗೇ ಕ್ರ್ಯಾಂಕ್ ಹಿಂದಿನ ಸೀಲ್ ಕೆಳಗೆ ಒದ್ದೆ ಇದೆಯೇ ಎಂದೂ ಬಗ್ಗಿ ನೋಡಿ. ಸೀಲ್ ಲೀಕಿಗೆ ಇಂಜಿನ್ ಕೆಲಸ ಮಾಡಿಸಿದವರಿದ್ದಾರೆ.

20ಡಬ್ಲ್ಯೂ-50 ಹಾಕಲೇಬಾರದೇ? ಇಂಜಿನ್ ಕೆಲಸಕ್ಕೆ ದುಡ್ಡು ಒದಗುವವರೆಗೆ, ಮಳೆಗಾಲದೊಳಗೆ ಬಿಚ್ಚುತ್ತೇನೆ ಎಂಬ ತೀರ್ಮಾನ ಇದ್ದರೆ, ಬಯಲುಸೀಮೆಯ ಬಿಸಿಲಲ್ಲಿ ನಾಲ್ಕು ತಿಂಗಳು ಹಾಕಿ ಓಡಿಸಿ, ನಾನು ಬೇಡ ಅನ್ನುವುದಿಲ್ಲ. ಆದರೆ ಡಬ್ಬ ತಿರುಗಿಸಿ ನೋಡಿ. ಅಂಗಡಿಯಲ್ಲಿ ಸಿಗುವ 20ಡಬ್ಲ್ಯೂ-50ಗಳಲ್ಲಿ ಬಹಳಷ್ಟು ಬೈಕಿನವು, ಪೆಟ್ರೋಲ್ ಕಾರಿನವು. ಅದರ ಮೇಲೆ ಡೀಸೆಲ್ಲಿನ ಸಿ ಅಕ್ಷರದ ದರ್ಜೆ, ನಿಮ್ಮ ಗಾಡಿಗೆ ಸಿಐ-4, ಇರಬೇಕು. ಇಲ್ಲದಿದ್ದರೆ ಡೀಸೆಲ್ ಇಂಜಿನ್ನಿನ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುವುದಿಲ್ಲ. ಅಂಥ 50ಕ್ಕಿಂತ ಒಳ್ಳೆ ಸಿಐ-4ನ 40 ಎಷ್ಟೋ ಮೇಲು. ಇಂಜಿನ್ ಕೆಲಸ ಆದ ಮೇಲೆ ಮಾತ್ರ ಮತ್ತೆ 15ಡಬ್ಲ್ಯೂ-40ಗೇ ಬನ್ನಿ. ಹೊಸ ಬೇರಿಂಗಿನ ಸಂದಿಗೆ ಲೆಕ್ಕ ಹಾಕಿರುವುದು ಅದನ್ನೇ.

ಪ್ರಶ್ನೆ: 2021ರಲ್ಲಿ ಕೊಂಡ ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿ. ರಾಯಚೂರಿನಿಂದ ಭತ್ತ, ಅಕ್ಕಿ ಲೋಡ್. ಕಂಪನಿಯ ಪುಸ್ತಕದಲ್ಲಿ 10ಡಬ್ಲ್ಯೂ-30 ಎಂದಿದೆ. ‘ನಮ್ಮೂರ ಬಿಸಿಲಿಗೆ 30 ನೀರಾಗುತ್ತೆ, 15ಡಬ್ಲ್ಯೂ-40 ಸಿಐ-4 ತಗೊಳ್ಳಿ, ರೇಟೂ ಕಮ್ಮಿ’ ಎಂದ ಅಂಗಡಿಯವ. ವಾರಂಟಿ ಮುಗಿದಿದೆ. ಬದಲಾಯಿಸಲೇ?
– ಟ್ರಾನ್ಸ್‌ಪೋರ್ಟ್ ನಡೆಸುವವರು, ಸಿಂಧನೂರು

ಉತ್ತರ: ಬೇಡ. ಮುಖ್ಯ ತಕರಾರು 30, 40ರದ್ದಲ್ಲ, ಸಿಐ-4ರದ್ದು.

2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಲಾರಿಗಳ ಸೈಲೆನ್ಸರ್ ಬರೀ ಸೈಲೆನ್ಸರ್ ಅಲ್ಲ. ಅದರೊಳಗೆ ಡಿಪಿಎಫ್ ಅಂತ ಒಂದು ಜಾಲರಿ ಇದೆ, ಸಣ್ಣ ಸಣ್ಣ ರಂಧ್ರದ ಪಿಂಗಾಣಿಯಂಥದ್ದು. ಹೊಗೆಯಲ್ಲಿನ ಮಸಿಯನ್ನು ಅದು ಹಿಡಿಯುತ್ತದೆ. ತುಂಬಿದಾಗ ಗಾಡಿಯೇ ಬಿಸಿ ಏರಿಸಿ ಅದನ್ನು ಸುಡುತ್ತದೆ, ಅದಕ್ಕೇ ಮೀಟರಿನಲ್ಲಿ ‘ರೀಜನರೇಷನ್’ ದೀಪ. ಒಲೆಯಲ್ಲಿ ಸೌದೆ ಉರಿದುಹೋದರೂ ಬೂದಿ ಉಳಿಯುತ್ತದಲ್ಲ, ಇಲ್ಲೂ ಹಾಗೇ: ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಆ ಬೂದಿ ಎಲ್ಲಿಂದ ಬರುತ್ತದೆ? ಬಹುಪಾಲು ಇಂಜಿನ್ ಆಯಿಲಿನಲ್ಲಿ ಬೆರೆಸಿರುವ ಕ್ಯಾಲ್ಸಿಯಂ, ಝಿಂಕ್ ಮುಂತಾದ ಮಸಾಲೆಯಿಂದ. ಸಿಐ-4 ದರ್ಜೆ 2002ರ ಕಾಲದ್ದು, ಆಗ ಡಿಪಿಎಫ್ ತಲೆನೋವು ಇರಲಿಲ್ಲ. 2006ರ ಸಿಜೆ-4, 2016ರ ಕೊನೆಗೆ ಬಂದ ಸಿಕೆ-4 ಇವೆರಡರಲ್ಲಿ ಬೂದಿ ಶೇಕಡಾ 1ಕ್ಕಿಂತ ಹೆಚ್ಚಿರಬಾರದು ಎಂಬ ಕಟ್ಟು ಇದೆ. ಸಿಐ-4 ಹಾಕಿದರೆ ಗಾಡಿ ನಾಳೆಯೇ ನಿಲ್ಲುವುದಿಲ್ಲ, ಅದೇ ಮೋಸ. ಒಂದೊಂದೇ ಟ್ರಿಪ್‌ಗೆ ಜಾಲರಿ ಕಟ್ಟುತ್ತಾ ಬಂದು, ಪಿಕಪ್ ಇಳಿದು, ರೀಜನರೇಷನ್ ದೀಪ ಪದೇ ಪದೇ ಹತ್ತುತ್ತಾ, ಕೊನೆಗೆ ಡಿಪಿಎಫ್ ಬಿಚ್ಚಿಸಬೇಕಾಗುತ್ತದೆ. ಅದರ ಬಿಲ್ಲು ನೋಡಿದರೆ ಅಂಗಡಿಯವನ ‘ಕಮ್ಮಿ ರೇಟು’ ನೆನಪಿಗೆ ಬರುತ್ತದೆ.

ಇನ್ನು 30 ನೀರಾಗುತ್ತದೆ ಎನ್ನುವ ಮಾತು. ರಾಯಚೂರಿನಲ್ಲಿ 43 ಡಿಗ್ರಿ ಬಿಸಿಲಿದೆ ಎಂದುಕೊಳ್ಳಿ. ಇಂಜಿನ್ ನೀರನ್ನು ಥರ್ಮೋಸ್ಟಾಟ್ ಒಂದು ಮಟ್ಟದಲ್ಲಿ ಹಿಡಿದಿಡುತ್ತದೆ, ಅದೇ ನೀರು ಆಯಿಲ್ ಕೂಲರ್‌ನಲ್ಲಿ ಆಯಿಲನ್ನು ಹಿಡಿದಿಡುತ್ತದೆ. ರೇಡಿಯೇಟರ್ ಚೊಕ್ಕಟವಾಗಿ, ಫ್ಯಾನ್ ಸರಿಯಾಗಿ ಇದ್ದರೆ ಮಡಿಕೇರಿಯಲ್ಲಿ ಓಡುವ ಗಾಡಿಗೂ ನಿಮ್ಮ ಗಾಡಿಗೂ ಒಳಗಿನ ಆಯಿಲ್ ಬಿಸಿಯಲ್ಲಿ ನೀವು ಅಂದುಕೊಂಡಷ್ಟು ಅಂತರ ಇರುವುದಿಲ್ಲ. ಭತ್ತದ ಹೊಟ್ಟು, ಧೂಳು ರೇಡಿಯೇಟರ್ ಸಂದಿಯಲ್ಲಿ ಮೆತ್ತಿಕೊಂಡಿದ್ದರೆ ಮಾತ್ರ ಯಾವ ಗ್ರೇಡೂ ಕಾಪಾಡುವುದಿಲ್ಲ. ನಿಮ್ಮ ಸೀಮೆಯ ಗಾಡಿಗಳಲ್ಲಿ ನಾನು ಹೆಚ್ಚು ನೋಡಿರುವುದು ಇದನ್ನೇ. ಹಿಂದುಗಡೆಯಿಂದ ಗಾಳಿ ಹೊಡೆಸಿ.

ನೂರೈವತ್ತು ಡಿಗ್ರಿಯಲ್ಲಿ, ಬೇರಿಂಗ್ ಒಳಗೆ ಅರೆಸಿಕೊಳ್ಳುವ ಹೊತ್ತಿನಲ್ಲಿ ಆಯಿಲ್ ಎಷ್ಟು ತಡೆಯುತ್ತದೆ ಎಂಬುದಕ್ಕೆ ಬೇರೆಯೇ ಪರೀಕ್ಷೆ ಇದೆ. ಸಿಕೆ-4 ಆದರೆ 10ಡಬ್ಲ್ಯೂ-30 ಇದ್ದರೂ ಆ ಅಳತೆ 3.5ಕ್ಕಿಂತ ಕಮ್ಮಿ ಆಗುವಂತಿಲ್ಲ. ಎಫ್‌ಎ-4 ಎಂಬ ಇನ್ನೊಂದು ದರ್ಜೆಯಲ್ಲೂ 10ಡಬ್ಲ್ಯೂ-30 ಬರುತ್ತದೆ, ಅದರಲ್ಲಿ ಈ ಅಳತೆ 2.9ರಿಂದ 3.2 ಮಾತ್ರ. ಅದು ಅದಕ್ಕೆಂದೇ ಕಟ್ಟಿದ ಇಂಜಿನ್ನಿಗೆ, ಉಳಿದವಕ್ಕೆ ತೆಳು. ಅಂಕಿ ಒಂದೇ, ಒಳಗಿನ ಸರಕು ಬೇರೆ. ಆದ್ದರಿಂದ ಬಿಎಸ್-6 ಗಾಡಿಯವರು ಅಂಗಡಿಯಲ್ಲಿ ಮೊದಲು ಅಕ್ಷರ ಕೇಳಿ, ಆಮೇಲೆ ಅಂಕಿ. ಪುಸ್ತಕದಲ್ಲಿ 10ಡಬ್ಲ್ಯೂ-30 ಜೊತೆಗೆ 15ಡಬ್ಲ್ಯೂ-40 ಸಿಕೆ-4 ಕೂಡ ನಡೆಯುತ್ತದೆ ಎಂದು ಬರೆದಿದ್ದರೆ ಬೇಸಿಗೆಗೆ ಅದನ್ನು ಹಾಕಲು ಅಡ್ಡಿಯಿಲ್ಲ. ಡೀಸೆಲ್ ಒಂದಿಷ್ಟು ಹೆಚ್ಚು ತಿಂದೀತು, ಅಷ್ಟೇ.

ಪ್ರಶ್ನೆ: ಅಣ್ಣ, ನಾನು ಡ್ರೈವರ್. ಕೋಲಾರದಿಂದ ಟೊಮೆಟೊ ತಗೊಂಡು ದಿಲ್ಲಿಗೆ, ಅಲ್ಲಿಂದ ಒಮ್ಮೊಮ್ಮೆ ಶ್ರೀನಗರಕ್ಕೆ ಲೋಡ್, ಬರುವಾಗ ಸೇಬು. ಹೋದ ಜನವರಿಯಲ್ಲಿ ಕಾಜಿಗುಂಡ್ ಹತ್ತಿರ ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಸ್ಟಾರ್ಟೇ ಆಗಲಿಲ್ಲ. ‘15ಡಬ್ಲ್ಯೂ ಹೆಪ್ಪುಗಟ್ಟಿದೆ, 5ಡಬ್ಲ್ಯೂ ಹಾಕಿಸು’ ಎಂದರು ಪಂಜಾಬಿ ಡ್ರೈವರ್‌ಗಳು. ಓನರ್ ಒಪ್ಪುತ್ತಿಲ್ಲ.
– ಡ್ರೈವರ್, ಶ್ರೀನಿವಾಸಪುರ

ಉತ್ತರ: ತಮ್ಮಾ, ಈ ಸಲ ನಿಮ್ಮ ಓನರ್ ಕಡೆಗೇ ನನ್ನ ಓಟು. ಮೇಲೆ ಹೇಳಿದೆನಲ್ಲ, 15ಡಬ್ಲ್ಯೂವನ್ನು ಪರೀಕ್ಷೆ ಮಾಡುವುದೇ ಮೈನಸ್ 20ರಲ್ಲಿ. ಕಾಶ್ಮೀರ ಕಣಿವೆಯಲ್ಲಿ ಚಿಲ್ಲೈ ಕಲಾನ್ ಎನ್ನುವ ನಲವತ್ತು ದಿನ, ಡಿಸೆಂಬರ್ 21ರಿಂದ ಶುರುವಾಗುವ ಕಡು ಚಳಿ. ಆಗಲೂ ಶ್ರೀನಗರ, ಕಾಜಿಗುಂಡ್ ಕಡೆ ಸಾಮಾನ್ಯವಾಗಿ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ ಹೋಗುತ್ತದೆ, ಕೆಲವು ರಾತ್ರಿ ಇನ್ನೂ ಸ್ವಲ್ಪ ಜಾಸ್ತಿ. ಆಯಿಲ್ ಮಂದವಾಗುತ್ತದೆ ನಿಜ, ಹೆಪ್ಪುಗಟ್ಟುವುದಿಲ್ಲ.

ಹೆಪ್ಪುಗಟ್ಟುವುದು ಡೀಸೆಲ್. ನಮ್ಮ ದೇಶದ ಡೀಸೆಲ್ ಮಾನದಂಡದಲ್ಲಿ ಫಿಲ್ಟರ್ ಕಟ್ಟುವ ಬಿಸಿಯ ಮಿತಿ ಬೇಸಿಗೆಗೆ 18 ಡಿಗ್ರಿ, ಚಳಿಗಾಲಕ್ಕೆ 6 ಡಿಗ್ರಿ. ಅಂದರೆ ಬಯಲಿನ ಬಂಕಿನಲ್ಲಿ ತುಂಬಿಸಿದ ಡೀಸೆಲ್ ಸೊನ್ನೆಗೆ ಬರುವ ಮೊದಲೇ ಮೇಣ ಬಿಡಲು ಶುರುಮಾಡಬಹುದು. ಮೇಣ ಡೀಸೆಲ್ ಫಿಲ್ಟರಿನಲ್ಲಿ ಕೂತರೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸಾಯುತ್ತದೆ ಅಷ್ಟೇ. ಅಲ್ಲಿನ ಚಳಿಗೆಂದೇ ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಲಡಾಖಿಗೆ ಮೈನಸ್ 33 ಡಿಗ್ರಿಯವರೆಗೆ ಹರಿಯುವ ಡೀಸೆಲ್ ಬಿಟ್ಟದ್ದು. ನೀವು ಮಾಡಬೇಕಾದದ್ದು: ಬೆಟ್ಟ ಹತ್ತುವ ಮೊದಲು ಟ್ಯಾಂಕ್ ಆದಷ್ಟು ಖಾಲಿ ಮಾಡಿಕೊಂಡು, ಮೇಲೆ ಅಲ್ಲಿಯ ಬಂಕಿನಲ್ಲಿ ತುಂಬಿಸಿ, ಸ್ವಲ್ಪ ದೂರ ಓಡಿಸಿ ಹೊಸ ಡೀಸೆಲ್ ಫಿಲ್ಟರ್‌ವರೆಗೆ ಬರಲಿ, ಆಮೇಲೆ ಗಾಡಿ ನಿಲ್ಲಿಸಿ. ನೀರಿನ ಸೆಪರೇಟರ್ ಬಸಿಯಿರಿ, ಒಳಗಿನ ನೀರು ಗಡ್ಡೆಕಟ್ಟಿದರೂ ಇದೇ ಕಥೆ. ಬ್ಯಾಟರಿ ಎರಡೂ ಒಂದೇ ವಯಸ್ಸಿನವು ಇರಲಿ. ಸೀಮೆಎಣ್ಣೆ ಬೆರೆಸುವ ಹಳೇ ಉಪಾಯ ಈಗಿನ ಪಂಪು, ಇಂಜೆಕ್ಟರ್‌ಗೆ ವಿಷ, ಬಿಎಸ್-6 ಆದರಂತೂ ಕೇಳಲೇಬೇಡಿ. ಚೇಂಬರ್ ಕೆಳಗೆ ಬೆಂಕಿ ಹಾಕುವವರನ್ನು ನೋಡಿರುತ್ತೀರಿ. ಏರ್ ಪೈಪು, ವೈರಿಂಗ್ ಎಲ್ಲ ಅಲ್ಲೇ ಇರುವುದು, ಬೇಡ.

ಗಾಡಿ ವರ್ಷವಿಡೀ ಕಾರ್ಗಿಲ್, ದ್ರಾಸ್ ಕಡೆಗೇ ಓಡುವುದಾದರೆ 5ಡಬ್ಲ್ಯೂ-40ರ ಮಾತು ಬೇರೆ. ದ್ರಾಸ್‌ನಲ್ಲಿ ಮೈನಸ್ 20 ಎಂಬುದು ಹೊಸ ಸುದ್ದಿಯಲ್ಲ. ವರ್ಷಕ್ಕೆ ಒಂದೆರಡು ಟ್ರಿಪ್ಪಿಗೆ ಅಷ್ಟು ದುಡ್ಡು ಸುರಿಯುವುದು ಬೇಕಿಲ್ಲ.

ಪ್ರಶ್ನೆ: ನಮ್ಮ ಯಜಮಾನರು ತೀರಿಕೊಂಡ ಮೇಲೆ ಗಾಡಿ ನಾನೇ ನೋಡಿಕೊಳ್ಳುತ್ತಿದ್ದೇನೆ. 2016ರ ಆರು ಚಕ್ರದ ಲಾರಿ. ಟ್ರಿಪ್ ಮುಗಿಸಿ ಬಂದಾಗಲೆಲ್ಲ ಡ್ರೈವರ್ ಆಯಿಲ್ ಟಾಪ್‌ಅಪ್‌ಗೆ ಎಂದು ದುಡ್ಡು ಕೇಳುತ್ತಾನೆ. ಒಳ್ಳೆಯ ಹುಡುಗ, ಅನುಮಾನಪಡಲು ಮನಸ್ಸಿಲ್ಲ. ಆದರೆ ಲೆಕ್ಕ ಹಿಡಿಯುವುದು ಹೇಗೆ? ಗಟ್ಟಿ ಆಯಿಲ್ ಹಾಕಿಸಿದರೆ ಈ ಖರ್ಚು ನಿಲ್ಲುತ್ತದೆಯೇ?
– ಗಾಡಿ ಒಡತಿ, ಅರಸೀಕೆರೆ

ಉತ್ತರ: ಅಕ್ಕ, ದುಡ್ಡು ಕೊಡಬೇಡಿ, ಆಯಿಲ್ ಕೊಡಿ. ಆಯಿಲ್ ಚೇಂಜಿಗೆ ತರುವ ಬ್ರ್ಯಾಂಡು, ಗ್ರೇಡಿನದೇ ಒಂದು ಸಣ್ಣ ಕ್ಯಾನ್ ಹೆಚ್ಚಿಗೆ ತಂದು ಮನೆಯಲ್ಲಿಡಿ, ಒಂದು ಲೀಟರಿನ ಅಳತೆ ಡಬ್ಬ ಜೊತೆಗಿರಲಿ. ಹೊರಡುವ ಮೊದಲು ನಿಮ್ಮೆದುರೇ ಆಯಿಲ್ ಕಡ್ಡಿ ನೋಡುವ ರೂಢಿ ಮಾಡಿಸಿ. ಗಾಡಿ ಸಮತಟ್ಟು ಜಾಗದಲ್ಲಿರಬೇಕು, ಇಂಜಿನ್ ಆಫ್ ಮಾಡಿ ಹತ್ತು ನಿಮಿಷವಾದರೂ ಆಗಿರಬೇಕು, ಮೇಲಕ್ಕೆ ಹತ್ತಿದ ಆಯಿಲ್ ಕೆಳಗಿಳಿಯಲು ಅಷ್ಟು ಹೊತ್ತು ಬೇಕು. ಕಡ್ಡಿ ಎಳೆದು, ಒರೆಸಿ, ಮತ್ತೆ ಪೂರ್ತಿ ಒಳಗಿಟ್ಟು ತೆಗೆಯಿರಿ. ಎರಡು ಗುರುತಿನ ನಡುವೆ ಎಲ್ಲಿದ್ದರೂ ಸರಿ, ಮೇಲಿನ ಗುರುತಿಗೇ ತಾಗಿಸಬೇಕೆಂಬ ಹಟ ಬೇಡ. ಮೇಲಿನ ಗುರುತು ದಾಟಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಇಂಜಿನ್ ಉಸಿರು ಬಿಡುವ ಬ್ರೀದರ್ ಪೈಪಿನಿಂದ ಹೊರಚೆಲ್ಲುತ್ತದೆ, ಆಮೇಲೆ ‘ಆಯಿಲ್ ಕುಡೀತಿದೆ’ ಎಂಬ ದೂರು ಬರುತ್ತದೆ. ನಿಮ್ಮ ಗಾಡಿಯದು ಇದೇ ಆಗಿರಲೂಬಹುದು, ಡ್ರೈವರ್ ಭಯಕ್ಕೆ ಹೆಚ್ಚು ಸುರಿಯುತ್ತಿರಬಹುದು.

ಪುಸ್ತಕದಲ್ಲಿ ತಾರೀಕು, ಕಿಲೋಮೀಟರ್, ಎಷ್ಟು ಹಾಕಿದ್ದು, ಇಷ್ಟು ಬರೆದಿಡಿ. ಒಂದು ಆಯಿಲ್ ಚೇಂಜಿನಿಂದ ಇನ್ನೊಂದರವರೆಗೆ ಬರೆದರೆ ಗಾಡಿಯ ಜಾತಕ ಕೈಗೆ ಬರುತ್ತದೆ. ಒಂದೇ ಸಮ ಸ್ವಲ್ಪ ಸ್ವಲ್ಪ ಕುಡಿಯುವ ಇಂಜಿನ್ ವರ್ಷಗಟ್ಟಲೆ ಓಡುತ್ತದೆ. ಇದ್ದಕ್ಕಿದ್ದಂತೆ ಎರಡರಷ್ಟಾದರೆ ನೋಡಿಸಬೇಕು. ಮೇಲಿನ ಹಿರಿಯೂರಿನವರಿಗೆ ಹೇಳಿದ ಮುಚ್ಚಳದ ಪರೀಕ್ಷೆಯನ್ನು ನೀವೇ ಮಾಡಬಹುದು. ಗ್ರೇಡ್ ಬದಲಾಯಿಸಬೇಡಿ.

ಪ್ರಶ್ನೆ: ಆಯಿಲ್ ಚೇಂಜ್ ಮಾಡಿಸಿದ ಮೂರೇ ದಿನಕ್ಕೆ ಕಪ್ಪಾಯಿತು. ನಕಲಿ ಆಯಿಲ್ ಇರಬಹುದೇ?
– ಟಿಪ್ಪರ್ ಮಾಲೀಕರು, ತುಮಕೂರು

ಉತ್ತರ: ಡೀಸೆಲ್ ಇಂಜಿನ್ನಿನಲ್ಲಿ ಆಯಿಲ್ ಕಪ್ಪಾಗುವುದು ಅದು ಕೆಲಸ ಮಾಡುತ್ತಿರುವ ಗುರುತು. ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನಲ್ಲೇ ತೇಲಿಸಿಟ್ಟುಕೊಳ್ಳುವ ಗುಣ ಅದಕ್ಕಿದೆ. ಹಳೇ ಇಂಜಿನ್ನಿನಲ್ಲಿ ಮೊದಲ ಟ್ರಿಪ್ಪಿಗೇ ಕಪ್ಪಾಗುತ್ತದೆ. ಹೆದರಬೇಕಾದದ್ದು ಬೇರೆ ಎರಡಕ್ಕೆ. ಹಾಲಿನ ಕಾಫಿ ಬಣ್ಣ ಬಂದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್ ನೋಡಿಸಿ. ಕಡ್ಡಿಯಲ್ಲಿ ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದರೆ, ಮೂಗಿಗೆ ಡೀಸೆಲ್ ಹೊಡೆದರೆ, ಆಯಿಲಿಗೆ ಡೀಸೆಲ್ ಇಳಿಯುತ್ತಿದೆ. 15ಡಬ್ಲ್ಯೂ-40 ಹಾಕಿ ನೀವು ನಿಶ್ಚಿಂತೆಯಾಗಿರುತ್ತೀರಿ, ಒಳಗೆ ಅದು 30ಕ್ಕಿಂತ ತೆಳುವಾಗಿರುತ್ತದೆ. ಬಿಎಸ್-6 ಟಿಪ್ಪರ್‌ಗಳಲ್ಲಿ ಇದು ಇನ್ನೂ ಹೆಚ್ಚು. ಊರೊಳಗೆ ಸಣ್ಣ ಸಣ್ಣ ಓಟ, ರೀಜನರೇಷನ್ ಅರ್ಧಕ್ಕೇ ನಿಲ್ಲಿಸುವುದು, ಅದಕ್ಕೆಂದು ಸಿಲಿಂಡರಿಗೆ ಹೆಚ್ಚಿಗೆ ಬಿಟ್ಟ ಡೀಸೆಲ್ ಲೈನರ್ ಗೋಡೆ ತೊಳೆದು ಕೆಳಗಿಳಿಯುತ್ತದೆ. ರೀಜನರೇಷನ್ ಶುರುವಾದರೆ ಮುಗಿಯಲು ಬಿಡಿ ಎಂದು ಡ್ರೈವರಿಗೆ ಗಟ್ಟಿಯಾಗಿ ಹೇಳಿ.

ನಕಲಿಯ ಅನುಮಾನಕ್ಕೆ: ಬಕೆಟ್ಟಿನ ಮುಚ್ಚಳದ ಸೀಲು ನಿಮ್ಮ ಕಣ್ಣೆದುರೇ ಒಡೆಯಲಿ, ಬ್ಯಾಚ್ ನಂಬರ್ ಅಳಿಸಿಲ್ಲವೇ ನೋಡಿ, ಬಿಲ್ ಇಲ್ಲದೆ ಕೊಳ್ಳಬೇಡಿ. ಖಾಲಿ ಬಕೆಟ್ಟನ್ನು ಹಾಗೇ ಗುಜರಿಗೆ ಕೊಡಬೇಡಿ. ಮುಚ್ಚಳಕ್ಕೆ ನಾಲ್ಕು ಮೊಳೆ ಹೊಡೆದು ತೂತು ಮಾಡಿ ಕೊಡಿ, ಇಲ್ಲವಾದರೆ ಅದೇ ಬಕೆಟ್ ತುಂಬಿಕೊಂಡು ಇನ್ಯಾರಿಗೋ ಹೋಗುತ್ತದೆ.

ಪ್ರಶ್ನೆ: ಶಿರಾಡಿ ಘಾಟಿ ದಿನಾ ಹತ್ತುವ ಗಾಡಿಗೆ ಬೇರೆ ಗ್ರೇಡ್ ಬೇಕೇ?
– ಡ್ರೈವರ್, ಸಕಲೇಶಪುರ

ಉತ್ತರ: ಬೇಡ, ಗೇರ್ ಬೇಕು. ಲೋಡ್ ಗಾಡಿಯನ್ನು ದೊಡ್ಡ ಗೇರಿನಲ್ಲೇ ಗುರ್ ಎನ್ನಿಸಿ ಎಳೆಯುವಾಗ ಕ್ರ್ಯಾಂಕ್ ನಿಧಾನ, ಭಾರ ಪೂರ್ತಿ. ಬೇರಿಂಗಿನಲ್ಲಿ ಆಯಿಲ್ ಪದರ ನಿಲ್ಲುವುದು ತಿರುಗುವ ವೇಗದ ಮೇಲೆ. ವೇಗ ಇಳಿದರೆ ಪದರವೂ ತೆಳುವಾಗುತ್ತದೆ. ತಿರುವಿಗೆ ಮುಂಚೆಯೇ ಒಂದು ಗೇರ್ ಇಳಿಸಿ, ಆರ್‌ಪಿಎಂ ಹಸಿರು ಪಟ್ಟಿಯಲ್ಲಿರಲಿ. ಮೇಲೆ ಹತ್ತಿ ಟೀ ಕುಡಿಯಲು ನಿಲ್ಲಿಸಿದಾಗ ಕೂಡಲೇ ಆಫ್ ಮಾಡದೆ ಎರಡು ನಿಮಿಷ ಐಡಲ್ ಬಿಡಿ, ಟರ್ಬೊ ತಣ್ಣಗಾಗಲಿ.

ಪ್ರಶ್ನೆ: ಗೇರ್ ಬಾಕ್ಸಿಗೆ 80ಡಬ್ಲ್ಯೂ-90 ಹಾಕುತ್ತೇವೆ. ಇಂಜಿನ್ನಿಗೆ 50ಕ್ಕೇ ನೀವು ಹೆದರಿಸುತ್ತೀರಿ. 90 ಅಂದರೆ ಅದರ ಎರಡರಷ್ಟು ಗಟ್ಟಿಯಲ್ಲವೇ?
– ಐಟಿಐ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಒಳ್ಳೆ ಪ್ರಶ್ನೆ ಮರಿ. ಗೇರ್ ಆಯಿಲಿನ ಅಂಕಿ ಬೇರೆ ಪಟ್ಟಿಯದು, ಇಂಜಿನ್ ಆಯಿಲಿನದು ಬೇರೆ ಪಟ್ಟಿಯದು. ಒಂದರ ಪಕ್ಕ ಒಂದಿಟ್ಟು ತೂಗುವ ಹಾಗಿಲ್ಲ. ಗೇರ್ ಆಯಿಲಿನ 90 ಎಂದರೆ ನೂರು ಡಿಗ್ರಿಯಲ್ಲಿ 13.5ರಿಂದ 18.5 ಸೆಂಟಿಸ್ಟೋಕಿನ ಒಳಗೆ. ಇಂಜಿನ್ ಆಯಿಲಿನ 40, 50ರ ಲೆಕ್ಕ ಮೇಲೆ ಕೊಟ್ಟಿದ್ದೇನೆ, ನೀನೇ ಹೋಲಿಸಿ ನೋಡು, ಅವೆರಡರ ನಡುವೆಯೇ ಬಂದು ಕೂರುತ್ತದೆ. ವ್ಯತ್ಯಾಸ ಇರುವುದು ಒಳಗಿನ ಮಸಾಲೆಯಲ್ಲಿ. ಹಲ್ಲು ಹಲ್ಲಿಗೆ ಒತ್ತುವ ಜಾಗಕ್ಕೆಂದು ಗೇರ್ ಆಯಿಲಿಗೆ ಗಂಧಕ, ರಂಜಕದ ಸರಕು ಹಾಕಿರುತ್ತಾರೆ, ಆ ಖಾರದ ವಾಸನೆ ಅದರದೇ. ಆದ್ದರಿಂದ ಹಿಂದಿನ ಆಕ್ಸಲ್ ಹೌಸಿಂಗಿನಲ್ಲಿ ಇಂಜಿನ್ ಆಯಿಲ್, ಇಂಜಿನ್ನಿನಲ್ಲಿ ಗೇರ್ ಆಯಿಲ್ ಎರಡೂ ಕೂಡದು. ಕೆಲವು ಗೇರ್ ಬಾಕ್ಸ್‌ಗಳಿಗೆ ಮಾತ್ರ ಇಂಜಿನ್ ಆಯಿಲನ್ನೇ ಹಾಕಬೇಕೆಂದು ತಯಾರಿಸಿದವರೇ ಹೇಳಿರುತ್ತಾರೆ. ವರ್ಕ್‌ಶಾಪಿನಲ್ಲಿ ಯಾವುದಾದರೂ ಗೇರ್ ಬಾಕ್ಸ್ ಬಿಚ್ಚುವ ಮೊದಲು ಅದರ ಪಕ್ಕದ ಪ್ಲೇಟಿನ ಮೇಲಿನ ಗ್ರೀಸ್ ಒರೆಸಿ ಓದು, ಎಷ್ಟೋ ಸಲ ಅಲ್ಲೇ ಬರೆದಿರುತ್ತದೆ.